ಒಂದು ರೂಪಾಯಿ ಜಾಸ್ತಿ ದುಡಿದರೆ: ಮುಖ್ಯಮಂತ್ರಿಗಳಿಗೆ ಬಹಿರಂಗ ಪತ್ರ

ಮಾನ್ಯ ಮುಖ್ಯಮಂತ್ರಿಗಳೇ,

ನಮಸ್ಕಾರ. ಈ ಪತ್ರವನ್ನು ಆಹಾರ ಸಚಿವರಿಗೆ ಬರೆಯಬಹುದಿತ್ತು, ರೇಷನ್ ಕಾರ್ಡ್ ಅವರ ಇಲಾಖೆಯದು. ಆದರೆ ಗೃಹಲಕ್ಷ್ಮಿ ಮಹಿಳಾ ಮತ್ತು ಮಕ್ಕಳ ಇಲಾಖೆಯದು. ವೃದ್ಧರ ಪಿಂಚಣಿ ಕಂದಾಯ ಇಲಾಖೆಯದು. ಯುವನಿಧಿ ಕೌಶಲ್ಯಾಭಿವೃದ್ಧಿ ಇಲಾಖೆಯದು. ಒಂದೇ ಮನೆಯ ಒಂದೇ ಸಂಪಾದನೆಯನ್ನು ನಾಲ್ಕು ಇಲಾಖೆ ನಾಲ್ಕು ಥರ ಅಳೆಯುತ್ತವೆ. ನಾಲ್ಕನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸಬಲ್ಲವರು ನೀವೊಬ್ಬರೇ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನಾನು ದೊಡ್ಡಬಳ್ಳಾಪುರದಲ್ಲಿ ಆದಾಯ ತೆರಿಗೆ ಮತ್ತು ಜಿಎಸ್‌ಟಿ ರಿಟರ್ನ್ ಫೈಲ್ ಮಾಡಿಕೊಡುವ ಸಣ್ಣ ಅಂಗಡಿಯವನು. ನನ್ನ ಹತ್ತಿರ ಬರುವವರು ದೊಡ್ಡ ಕುಳಗಳಲ್ಲ. ನಾಲ್ಕೈದು ಪವರ್‌ಲೂಮ್ ಇಟ್ಟುಕೊಂಡು ಮಜೂರಿಗೆ ಸೀರೆ ನೇಯುವವರು. ಕಂಪನಿಗಳಿಗೆ ಗಾಡಿ ಬಿಟ್ಟಿರುವ ಡ್ರೈವರ್‌ಗಳು. ಅಪ್ಯಾರೆಲ್ ಪಾರ್ಕಿನ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು. ಬೇಕರಿ, ಜೆರಾಕ್ಸ್, ಮೊಬೈಲ್ ರಿಪೇರಿ ಅಂಗಡಿಯವರು. ಮೊದಲೆಲ್ಲ ಇವರು ಬಂದು ಕೂತರೆ ಕೇಳುತ್ತಿದ್ದದ್ದು, "ಎಷ್ಟು ಟ್ಯಾಕ್ಸ್ ಬರುತ್ತೆ ಸಾರ್?" ಅಂತ. ಈಗ ಆ ಪ್ರಶ್ನೆ ಕೇಳುವವರು ಕಡಿಮೆ. "ಫೈಲ್ ಮಾಡಿಸಿದ್ರೆ ಗೃಹಲಕ್ಷ್ಮಿ ನಿಲ್ಲುತ್ತಾ ಸಾರ್? ಕಾರ್ಡ್ ಎಪಿಎಲ್ ಆಗುತ್ತಾ?" ಅನ್ನುವುದೇ ಮೊದಲ ಪ್ರಶ್ನೆ.

ಬಡವರಿಗೆ ದುಡ್ಡು ಕೊಡುವುದು ತಪ್ಪು ಅನ್ನುವ ಗುಂಪಿನವನು ನಾನಲ್ಲ. ಗೃಹಲಕ್ಷ್ಮಿ ದುಡ್ಡಲ್ಲಿ ಮಗಳ ಫೀಸು ಕಟ್ಟಿದವರನ್ನು, ಮಗ್ಗಕ್ಕೆ ಬಿಡಿಭಾಗ ತಂದವರನ್ನು ಕಣ್ಣಾರೆ ಕಂಡಿದ್ದೇನೆ. ನನ್ನ ತಕರಾರು ಕೊಡುವುದರ ಬಗ್ಗೆ ಅಲ್ಲ, ನಿಲ್ಲಿಸುವ ರೀತಿಯ ಬಗ್ಗೆ. ಮನೆಯವರು ಸ್ವಲ್ಪ ಜಾಸ್ತಿ ದುಡಿದರೆ, ಅಥವಾ ದುಡಿದದ್ದನ್ನು ಕಾಗದದ ಮೇಲೆ ತೋರಿಸಿದರೆ, ಸವಲತ್ತು ಒಂದೇ ಏಟಿಗೆ ಹೋಗುತ್ತದೆ. ಇಷ್ಟಿಷ್ಟೇ ಕಡಿಮೆ ಆಗುವುದಿಲ್ಲ. ಪೂರ್ತಿ ಹೋಗುತ್ತದೆ.

ಮೊದಲು ರೇಷನ್ ಕಾರ್ಡ್ ತೆಗೆದುಕೊಳ್ಳೋಣ. ಬಿಪಿಎಲ್ ಕಾರ್ಡ್ ಇರಬೇಕಾದರೆ ಕುಟುಂಬದ ವಾರ್ಷಿಕ ಆದಾಯ 1 ಲಕ್ಷದ 20 ಸಾವಿರ ದಾಟಬಾರದು. ಅಂದರೆ ತಿಂಗಳಿಗೆ 10 ಸಾವಿರ. ಮನೆಯಲ್ಲಿ ಇಬ್ಬರಿದ್ದರೂ ಅಷ್ಟೇ, ಏಳು ಜನ ಇದ್ದರೂ ಅಷ್ಟೇ. ವರ್ಷಗಳಿಂದ ಇದೇ ಸಂಖ್ಯೆ. ಎಣ್ಣೆ, ಬೇಳೆ, ಬಾಡಿಗೆ, ಬಸ್ ಪಾಸು ಎಲ್ಲ ಏರಿತು. ಇದೊಂದು ಮಾತ್ರ ಕದಲಿಲ್ಲ.

ಈಗ ನಿಮ್ಮದೇ ಸರ್ಕಾರದ ಇನ್ನೊಂದು ಕಾಗದ ನೋಡಿ, ಕನಿಷ್ಠ ವೇತನದ ಅಧಿಸೂಚನೆ. ಗಾರ್ಮೆಂಟ್ಸ್‌ಗೆ ಹೊಸದಾಗಿ ಸೇರಿದ ಹೆಲ್ಪರ್‌ಗೂ ಕೊಡಬೇಕಾದ ತಿಂಗಳ ಕೂಲಿ 10 ಸಾವಿರ ದಾಟಿದೆ. ಕಾರ್ಮಿಕ ಇಲಾಖೆ "ಇದಕ್ಕಿಂತ ಕಡಿಮೆ ಕೊಟ್ಟರೆ ಕೇಸು" ಅನ್ನುತ್ತದೆ. ಆಹಾರ ಇಲಾಖೆ "ಇಷ್ಟು ಸಿಕ್ಕರೆ ನೀನು ಬಡವಳಲ್ಲ" ಅನ್ನುತ್ತದೆ. ಗಂಡ ಕುಡಿದು ಮಲಗಿರಲಿ, ಅತ್ತೆ ಹಾಸಿಗೆ ಹಿಡಿದಿರಲಿ, ಮೂವರು ಮಕ್ಕಳಿರಲಿ. ಒಬ್ಬಳು ಹೆಂಗಸು ಕಾನೂನು ಪ್ರಕಾರ ಸಿಗಬೇಕಾದ ಕನಿಷ್ಠ ಕೂಲಿ ಪಡೆದರೆ ಸಾಕು, ಆ ಮನೆ ಬಡತನದ ಗೆರೆಯಿಂದ ಆಚೆ.

ಆಶಾ ಕಾರ್ಯಕರ್ತೆಯರದ್ದು ಇನ್ನೂ ವಿಚಿತ್ರ. 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಕೂತು ಹೋರಾಟ ಮಾಡಿದರು. ತಿಂಗಳಿಗೆ ಕನಿಷ್ಠ 10 ಸಾವಿರ ಸಿಗುವಂತೆ ಮಾಡುತ್ತೇವೆ ಎಂದು ಸರ್ಕಾರ ಭರವಸೆ ಕೊಟ್ಟಿತು. ಹನ್ನೆರಡರಿಂದ ಗುಣಿಸಿ ನೋಡಿ. ಸರಿಯಾಗಿ 1 ಲಕ್ಷದ 20 ಸಾವಿರ. ಅದರ ಮೇಲೆ ಗಂಡ ಒಂದೇ ಒಂದು ದಿನ ಕೂಲಿಗೆ ಹೋದರೂ ಮಿತಿ ದಾಟಿತು. ಊರಿನ ಬಾಣಂತಿಯರನ್ನೆಲ್ಲ ನೋಡಿಕೊಳ್ಳುವ ಹೆಂಗಸಿನ ಮನೆಗೆ ಅಕ್ಕಿ ಬೇಕಾದರೆ ಗಂಡ ಕೆಲಸ ಬಿಟ್ಟು ಕೂರಬೇಕು. ನಿಯಮವನ್ನು ಅಕ್ಷರಶಃ ಓದಿದರೆ ಅರ್ಥ ಬರುವುದು ಹಾಗೇ.

ಹಾಗಾದರೆ ಇಷ್ಟೊಂದು ಬಿಪಿಎಲ್ ಕಾರ್ಡ್ ಹೇಗಿವೆ ಅಂತ ಯಾರಾದರೂ ಕೇಳಬಹುದು. ಉತ್ತರ ನಿಮಗೂ ಗೊತ್ತು, ನನಗೂ ಗೊತ್ತು. ನಾಡಕಚೇರಿಯಿಂದ ಬರುವ ಆದಾಯ ಪ್ರಮಾಣಪತ್ರದಲ್ಲಿ ಒಂದು ಆದಾಯ ಇರುತ್ತದೆ. ಮನೆಯಲ್ಲಿ ಇನ್ನೊಂದು ಇರುತ್ತದೆ. ಜನ ಸುಳ್ಳು ಹೇಳುತ್ತಾರೆ ಅಂತ ಬಯ್ಯುವುದು ಸುಲಭ. ಆದರೆ ನಿಜ ಹೇಳಿದವರಿಗೆ ಜಾಗವೇ ಇಲ್ಲದ ನಿಯಮ ಮಾಡಿಟ್ಟರೆ ಅವರು ಏನು ಮಾಡಬೇಕು? ಇದರಿಂದ ಆಗುವ ದೊಡ್ಡ ಕೇಡು ಬೇರೆಯೇ ಇದೆ. ಎಲ್ಲರ ಕಾರ್ಡೂ ಒಂದಲ್ಲ ಒಂದು ಕಾರಣಕ್ಕೆ ತಪ್ಪೇ ಆಗಿರುವಾಗ, ಯಾರ ಕಾರ್ಡನ್ನು ಯಾವಾಗ ಬೇಕಾದರೂ ತೆಗೆಯಬಹುದು. 2024ರ ನವೆಂಬರ್‌ನಲ್ಲಿ ಆದದ್ದು ಅದೇ. ಕಾರ್ಡುಗಳು ರಾತ್ರೋರಾತ್ರಿ ಎಪಿಎಲ್ ಆದವು, ಜನ ಗಲಾಟೆ ಮಾಡಿದರು. ಆಮೇಲೆ ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡ್ ವಾಪಸ್ ಕೊಡುತ್ತೇವೆ ಎಂದು ಸರ್ಕಾರವೇ ಹೇಳಬೇಕಾಯಿತು.

ವಾಪಸ್ ಕೊಟ್ಟಿದ್ದು ಒಳ್ಳೆಯದಾಯಿತು. ಆದರೆ "ಆದಾಯ ತೆರಿಗೆ ಕಟ್ಟುವವರು" ಅಂದಿರಲ್ಲ, ನನ್ನ ಅಂಗಡಿಯ ತಲೆನೋವು ಶುರುವಾಗುವುದು ಅಲ್ಲಿಂದಲೇ.

ತೆರಿಗೆ ಕಟ್ಟುವುದು ಬೇರೆ, ರಿಟರ್ನ್ ಹಾಕುವುದು, ಅಂದರೆ ಆದಾಯದ ಲೆಕ್ಕ ಸಲ್ಲಿಸುವುದು, ಬೇರೆ. ರಿಟರ್ನ್ ಹಾಕುವವರಲ್ಲಿ ಎಷ್ಟೋ ಜನ ಒಂದು ಪೈಸೆ ತೆರಿಗೆ ಕಟ್ಟುವುದಿಲ್ಲ. ಯಾಕೆ ಹಾಕುತ್ತಾರೆ ಅಂದರೆ, ಬ್ಯಾಂಕ್ ಕೇಳುತ್ತದೆ. ಮಗ್ಗಕ್ಕೆ ಸಾಲ ಬೇಕು, ಎರಡು ಮೂರು ವರ್ಷದ ರಿಟರ್ನ್ ತನ್ನಿ. ಮನೆ ಕಟ್ಟಬೇಕು, ರಿಟರ್ನ್ ತನ್ನಿ. ಮಗನ ಎಜುಕೇಶನ್ ಲೋನ್, ಅದಕ್ಕೂ ತನ್ನಿ. ಬಡವರು ಬಡ್ಡಿಯವರ ಹತ್ತಿರ ಹೋಗಬೇಡಿ, ಬ್ಯಾಂಕಿಗೆ ಹೋಗಿ ಅಂತ ಸರ್ಕಾರಗಳೇ ಹೇಳುತ್ತವೆ ಅಲ್ವಾ? ಬ್ಯಾಂಕಿಗೆ ಹೋಗುವ ದಾರಿಯಲ್ಲಿ ನನ್ನ ಅಂಗಡಿ ಸಿಗುತ್ತದೆ.

ಟಿಡಿಎಸ್, ಅಂದರೆ ದುಡ್ಡು ಕೊಡುವವರೇ ಮೊದಲೇ ಹಿಡಿದುಕೊಳ್ಳುವ ತೆರಿಗೆ, ಅದರ ಕಥೆ ಇನ್ನೂ ಚೆನ್ನಾಗಿದೆ. ಒಬ್ಬ ಡ್ರೈವರ್ ತನ್ನ ಗಾಡಿಯನ್ನು ಕಂಪನಿಗೆ ಬಿಟ್ಟಿದ್ದಾನೆ ಅಂದುಕೊಳ್ಳಿ. ತಿಂಗಳ ಬಿಲ್ 40 ಸಾವಿರ, ವರ್ಷಕ್ಕೆ 4 ಲಕ್ಷದ 80 ಸಾವಿರ. ಇದು ಅವನ ಆದಾಯ ಅಲ್ಲ. ಡೀಸೆಲ್, ಟೈರು, ಇನ್ಶೂರೆನ್ಸು, ರಿಪೇರಿ ಕಳೆದರೆ ಕೈಗೆ ಉಳಿಯುವುದು ಅದರಲ್ಲಿ ಒಂದು ಭಾಗ. ಕಂಪನಿ ಬಿಲ್ ಕೊಡುವಾಗ ಶೇ 1ರಷ್ಟು ಟಿಡಿಎಸ್ ಹಿಡಿಯುತ್ತದೆ, 4,800 ರೂಪಾಯಿ. ಅದು ಅವನದೇ ದುಡ್ಡು. ತೆರಿಗೆ ಬರುವಷ್ಟು ಆದಾಯ ಇಲ್ಲದಿದ್ದರೆ ವಾಪಸ್ ಸಿಗಬೇಕು. ವಾಪಸ್ ಬೇಕೆಂದರೆ ರಿಟರ್ನ್ ಹಾಕಲೇಬೇಕು, ಬೇರೆ ದಾರಿ ಇಲ್ಲ. ಹಾಕಿದ. 4,800 ಬಂತು. ಸ್ವಲ್ಪ ದಿನಕ್ಕೆ ಹೆಂಡತಿಯ ಖಾತೆಗೆ ಗೃಹಲಕ್ಷ್ಮಿ ಬರುವುದು ನಿಂತಿತು. ವರ್ಷಕ್ಕೆ 24 ಸಾವಿರ. ವಿಚಾರಿಸಿದರೆ "ನೀವು ಐಟಿ ಪಟ್ಟಿಯಲ್ಲಿದ್ದೀರಿ" ಎಂಬ ಉತ್ತರ.

ನನ್ನ ಗಿರಾಕಿಗಳ ಮನೆಯಲ್ಲಿ ಇಂಥದ್ದು ಆಗಿದೆ. ಯಾವ ಕಚೇರಿ, ಯಾರು ಅಂತ ಇಲ್ಲಿ ಬರೆಯುವುದಿಲ್ಲ. ಕೌಂಟರಿನಲ್ಲಿ ಕೂತವರ ತಪ್ಪೂ ಇದಲ್ಲ, ಅವರಿಗೆ ಪಟ್ಟಿ ಮೇಲಿನಿಂದ ಬರುತ್ತದೆ. ಪಟ್ಟಿಯಲ್ಲಿ ಪಾನ್ ನಂಬರ್ ಇದೆಯೋ ಇಲ್ಲವೋ ಅಷ್ಟೇ ಅವರಿಗೆ ಕಾಣುವುದು. ತೆರಿಗೆ ಕಟ್ಟಿದವರೋ, ಕಟ್ಟಿದ್ದನ್ನು ವಾಪಸ್ ಪಡೆದವರೋ ಕಾಣುವುದಿಲ್ಲ. ನಾನು ತೆರಿಗೆ ಕಟ್ಟುವವಳಲ್ಲ ಎಂದು ಆ ಹೆಂಗಸೇ ಅಲೆದು ಸಾಬೀತು ಮಾಡಬೇಕು. ಒಂದು ದಿನ ಅಲೆದರೆ ಒಂದು ದಿನದ ಕೂಲಿ ಹೋಯಿತು.

ಜಿಎಸ್‌ಟಿಯದ್ದು ಇನ್ನೂ ಒರಟು ನಿಯಮ. ಮನೆಯೊಡತಿ ಅಥವಾ ಗಂಡ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾದರೆ ಗೃಹಲಕ್ಷ್ಮಿ ಇಲ್ಲ. ಎಷ್ಟು ವ್ಯಾಪಾರ ಎಂಬ ಪ್ರಶ್ನೆಯೇ ಇಲ್ಲ. ವಹಿವಾಟು ಮಿತಿಗಿಂತ ಕೆಳಗಿದ್ದರೂ ನಂಬರ್ ಮಾಡಿಸಿಕೊಳ್ಳುವವರು ಬಹಳ. ಸರಕು ಕೊಡುವ ವ್ಯಾಪಾರಿ ಕೇಳುತ್ತಾನೆ, ಬ್ಯಾಂಕಿನವರು ಕೇಳುತ್ತಾರೆ. ಆಮೇಲೆ ವ್ಯಾಪಾರ ನಿಂತರೂ ನಂಬರ್ ಜೀವಂತ ಇರುತ್ತದೆ, ಸೊನ್ನೆ ರಿಟರ್ನ್ ಹಾಕುತ್ತಲೇ ಇರಬೇಕು. ಸೊನ್ನೆ ವ್ಯಾಪಾರ, ಸೊನ್ನೆ ತೆರಿಗೆ. ಆದರೂ "ಜಿಎಸ್‌ಟಿಯವರು".

ಇದರ ಪಕ್ಕದಲ್ಲಿ ಇನ್ನೊಂದು ತಮಾಷೆ ಇಡುತ್ತೇನೆ. ಕೇಂದ್ರದ 2025ರ ಬಜೆಟ್ ನಂತರ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ಆದಾಯ ಇದ್ದವರಿಗೆ ತೆರಿಗೆ ಸೊನ್ನೆ. ಹಾಗಾದರೆ ವರ್ಷಕ್ಕೆ 9 ಲಕ್ಷ ಸಂಬಳದವನು ಅಕ್ಷರದ ಲೆಕ್ಕದಲ್ಲಿ "ತೆರಿಗೆ ಕಟ್ಟದವನು". ಒಂದೂವರೆ ಲಕ್ಷ ದುಡಿದು ಸೊನ್ನೆ ಜಿಎಸ್‌ಟಿ ರಿಟರ್ನ್ ಹಾಕುವ ಜೆರಾಕ್ಸ್ ಅಂಗಡಿಯವನು "ಉಳ್ಳವನು". ನಿಯಮ ಬರೆದವರ ಉದ್ದೇಶ ಇದಾಗಿರಲಿಕ್ಕಿಲ್ಲ ಅಂತ ನಂಬಿದ್ದೇನೆ.

12 ಲಕ್ಷದ ಮಾತು ಬಂದಿದ್ದಕ್ಕೆ ಈ ಪತ್ರದ ಮುಖ್ಯ ವಿಷಯವನ್ನೇ ಹೇಳಿಬಿಡುತ್ತೇನೆ. ಒಬ್ಬರ ಆದಾಯ 12 ಲಕ್ಷ ಇದ್ದರೆ ತೆರಿಗೆ ಇಲ್ಲ. 12 ಲಕ್ಷದ 10 ಸಾವಿರ ಆದರೆ? ಹಂತಗಳ ಪ್ರಕಾರ ಲೆಕ್ಕ ಹಾಕಿದರೆ ತೆರಿಗೆ 61,500 ರೂಪಾಯಿ ಬರುತ್ತದೆ. ಹತ್ತು ಸಾವಿರ ಜಾಸ್ತಿ ದುಡಿದಿದ್ದಕ್ಕೆ ಅರವತ್ತು ಸಾವಿರ ಕಳೆದುಕೊಳ್ಳುವುದು ಅನ್ಯಾಯ ಅಂತ ಕಾನೂನಿಗೇ ಅನಿಸಿದೆ. ಅದಕ್ಕೆ ಅಲ್ಲಿ ಮಾರ್ಜಿನಲ್ ರಿಲೀಫ್ ಅಂತ ಇದೆ. ಮಿತಿಗಿಂತ ಎಷ್ಟು ಜಾಸ್ತಿ ದುಡಿದೆಯೋ ಅದಕ್ಕಿಂತ ಜಾಸ್ತಿ ತೆರಿಗೆ ಹಾಕುವುದಿಲ್ಲ. ಹಾಗಾಗಿ ಅವನು ಕಟ್ಟಬೇಕಾದ್ದು 10 ಸಾವಿರ, ಮೇಲೆ ಸ್ವಲ್ಪ ಸೆಸ್ಸು. ನಾನು ಎಷ್ಟೋ ಜನರಿಗೆ ಈ ಲೆಕ್ಕ ವಿವರಿಸಿದ್ದೇನೆ, ಎಲ್ಲರೂ ತಲೆದೂಗುತ್ತಾರೆ. ನ್ಯಾಯವಾಗಿದೆ ಅನ್ನುತ್ತಾರೆ.

ಈಗ ಒಂದು ಸೊನ್ನೆ ತೆಗೆದುಬಿಡಿ. 1 ಲಕ್ಷದ 20 ಸಾವಿರ ದುಡಿಯುವ ಐದು ಜನರ ಮನೆ. ಓವರ್‌ಟೈಮ್ ಮಾಡಿ ವರ್ಷಕ್ಕೆ ಒಂದು ಸಾವಿರ ಜಾಸ್ತಿ ತಂದರು. ಅನ್ನಭಾಗ್ಯದಲ್ಲಿ ತಲೆಗೆ 10 ಕೆಜಿ ಕೊಡುತ್ತಿದ್ದಾಗಿನ ಲೆಕ್ಕ ಹಿಡಿದರೆ ತಿಂಗಳಿಗೆ 50 ಕೆಜಿ ಹೋಯಿತು. ಅಕ್ಕಿಯ ಬದಲು ದುಡ್ಡು ಕೊಡುತ್ತಿದ್ದಾಗ ಸರ್ಕಾರವೇ ಕೆಜಿಗೆ 34 ರೂಪಾಯಿ ಕಟ್ಟಿತ್ತು. ಆ ದರ ಹಿಡಿದರೆ ತಿಂಗಳಿಗೆ 1,700, ವರ್ಷಕ್ಕೆ 20,400. ಪೂರ್ತಿ ಅಕ್ಕಿ ಕೊಡಿ, ಸ್ವಲ್ಪ ಅಕ್ಕಿಯ ಬದಲು ಬೇಳೆ, ಎಣ್ಣೆಯ ಕಿಟ್ ಕೊಡಿ, ಲೆಕ್ಕ ಅಷ್ಟೇನೂ ಬದಲಾಗುವುದಿಲ್ಲ. ಸಾವಿರ ಜಾಸ್ತಿ ದುಡಿದಿದ್ದಕ್ಕೆ ಇಪ್ಪತ್ತು ಸಾವಿರ ದಂಡ. ಬಿಪಿಎಲ್‌ನವರಿಗೆ ಆಯುಷ್ಮಾನ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಆದ ದಿನದಿಂದ ಪ್ಯಾಕೇಜಿನ ಶೇ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಒಳಗೆ. ಮನೆಯಲ್ಲಿ ಯಾರಿಗಾದರೂ ಹೃದಯದ ಆಪರೇಷನ್ ಬಂದರೆ ಆ ಓವರ್‌ಟೈಮ್ ಎಷ್ಟು ದುಬಾರಿ ಆಯಿತು ನೋಡಿ.

12 ಲಕ್ಷದವನಿಗೆ ಮಾಡಿದ ಮರ್ಯಾದೆ 1.2 ಲಕ್ಷದವಳಿಗೆ ಯಾಕಿಲ್ಲ ಸಾರ್? ಆದಾಯ ತೆರಿಗೆ ಕೇಂದ್ರದ್ದು, ನಿಮ್ಮ ಕೈಯಲ್ಲಿಲ್ಲ, ಒಪ್ಪಿದೆ. ಆದರೆ ಗೃಹಲಕ್ಷ್ಮಿ ನಿಮ್ಮದು. ಬಿಪಿಎಲ್ ಮಾನದಂಡ ರಾಜ್ಯದ್ದು. ಆರೋಗ್ಯ ಕರ್ನಾಟಕ ನಿಮ್ಮದು. ಪಿಂಚಣಿಯ ಆದಾಯ ಮಿತಿಯೂ ನಿಮ್ಮದೇ ಆದೇಶ.

ಹೊರಗಿನವರು ಏನು ಮಾಡಿದ್ದಾರೆ ಅಂತಲೂ ನೋಡಿದೆ. ಬ್ರಿಟನ್‌ನಲ್ಲಿ ಯೂನಿವರ್ಸಲ್ ಕ್ರೆಡಿಟ್ ಅಂತ ಇದೆ. ಅದನ್ನು ಪಡೆಯುವವರು ದುಡಿಯಲು ಶುರು ಮಾಡಿದರೆ ಸಹಾಯಧನ ನಿಲ್ಲುವುದಿಲ್ಲ. ದುಡಿದ ಪ್ರತಿ ಪೌಂಡಿಗೆ 55 ಪೆನ್ಸ್‌ನಂತೆ ಕಡಿಮೆ ಆಗುತ್ತಾ ಹೋಗುತ್ತದೆ. 2021ರವರೆಗೆ 63 ಪೆನ್ಸ್ ಇತ್ತು, ಜಾಸ್ತಿ ಆಯಿತು ಅಂತ ಇಳಿಸಿದರು. ಮಕ್ಕಳಿರುವವರಿಗೆ, ಅಂಗವೈಕಲ್ಯ ಇರುವವರಿಗೆ ಮೊದಲ ಒಂದಷ್ಟು ದುಡಿಮೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಾಗಂತ ಅಲ್ಲಿ ಎಲ್ಲ ಸರಿ ಇದೆ ಅಂತಲ್ಲ. ಅದೇ ದೇಶದಲ್ಲಿ ಮನೆಯ ರೋಗಿಯನ್ನು ನೋಡಿಕೊಳ್ಳುವವರಿಗೆ ಕೊಡುವ ಕೇರರ್ಸ್ ಅಲವೆನ್ಸ್ ನಮ್ಮ ಬಿಪಿಎಲ್ ಥರವೇ ಇದೆ. ವಾರದ ಸಂಪಾದನೆ ಮಿತಿಯನ್ನು ಒಂದು ಪೌಂಡ್ ದಾಟಿದರೂ ಆ ವಾರದ ಭತ್ಯೆ ಪೂರ್ತಿ ಹೋಯಿತು. ಗೊತ್ತಿಲ್ಲದೆ ದಾಟಿದವರಿಂದ ವರ್ಷಗಳ ಹಳೆಯ ಬಾಕಿ ವಾಪಸ್ ಕೇಳಿ 2024ರಲ್ಲಿ ದೊಡ್ಡ ಗಲಾಟೆಯೇ ಆಯಿತು. 2025ರ ಏಪ್ರಿಲ್‌ನಿಂದ ವಾರದ ಮಿತಿಯನ್ನು 151 ಪೌಂಡಿನಿಂದ 196ಕ್ಕೆ ಏರಿಸಿದರು. ಒಂದೇ ಸರ್ಕಾರ, ಒಂದು ಯೋಜನೆಯಲ್ಲಿ ಇಳಿಜಾರು, ಇನ್ನೊಂದರಲ್ಲಿ ಪ್ರಪಾತ. ಪ್ರಪಾತ ಇದ್ದ ಕಡೆಯೇ ಜನ ಬಿದ್ದರು.

ನಮ್ಮಲ್ಲಿ ಬೀಳುವುದಕ್ಕೆ ಮೊದಲೇ ಜನ ಹುಷಾರಾಗಿದ್ದಾರೆ. ಹೇಗೆ ಅಂದರೆ, ಕಾಗದದಿಂದಲೇ ಮಾಯವಾಗುತ್ತಿದ್ದಾರೆ. "ಪಿಎಫ್ ಹಾಕಬೇಡಿ, ಕೈಗೆ ಕೊಡಿ" ಅನ್ನುತ್ತಾರೆ. ಮಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ತಕ್ಷಣ ಕಾರ್ಡಿನಿಂದ ಅವನ ಹೆಸರು ತೆಗೆಸುತ್ತಾರೆ. ಒಂದೇ ಒಲೆ, ಒಂದೇ ಪಾತ್ರೆ, ಕಾಗದದಲ್ಲಿ ಎರಡು ಮನೆ. 2025ರ ಜುಲೈ ನೆನಪಿರಬೇಕು. ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಹೋದಾಗ, ಬೆಂಗಳೂರಿನ ತರಕಾರಿ ಅಂಗಡಿ, ಕಾಂಡಿಮೆಂಟ್ಸ್‌ಗಳಲ್ಲಿ ಕ್ಯೂಆರ್ ಕೋಡ್ ತೆಗೆದು "ಕ್ಯಾಶ್ ಮಾತ್ರ" ಬೋರ್ಡ್ ಹಾಕಿದ್ದರು. ಪತ್ರಿಕೆಗಳು ಅದನ್ನು ತೆರಿಗೆಯ ಭಯ ಅಂದವು. ಅದೂ ಹೌದು. ಆದರೆ ನನ್ನ ಅಂಗಡಿಗೆ ಬಂದವರ ಭಯ ಇನ್ನೊಂದು ಇತ್ತು. ಜಿಎಸ್‌ಟಿ ನಂಬರ್ ಬಂದರೆ ಹೆಂಡತಿಯ ಎರಡು ಸಾವಿರ ಹೋಗುತ್ತದೆ. ಡಿಜಿಟಲ್ ಆಗಿ, ಬ್ಯಾಂಕಿಗೆ ಬನ್ನಿ, ಲೆಕ್ಕ ಇಡಿ ಅಂತ ಒಂದು ಕಡೆ ಹೇಳಿ, ಲೆಕ್ಕ ಇಟ್ಟವನ ಮನೆಯ ಸವಲತ್ತು ಇನ್ನೊಂದು ಕಡೆ ತೆಗೆದರೆ, ಯಾರು ಲೆಕ್ಕ ಇಡುತ್ತಾರೆ?

ಪಿಂಚಣಿ ವಿಷಯಕ್ಕೆ ಬರುತ್ತೇನೆ. ಸಂಧ್ಯಾ ಸುರಕ್ಷಾದಲ್ಲಿ 65 ದಾಟಿದವರಿಗೆ ತಿಂಗಳಿಗೆ 1,200 ರೂಪಾಯಿ. ವಿಧವಾ ವೇತನ 800. ಇವುಗಳಿಗೆ ಆದಾಯ ಮಿತಿ ವರ್ಷಕ್ಕೆ 32 ಸಾವಿರ. ಉದ್ಯೋಗ ಖಾತ್ರಿಯಲ್ಲಿ 2025-26ಕ್ಕೆ ಕರ್ನಾಟಕದ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಆಗ ಖಾತ್ರಿ ಇದ್ದ ನೂರು ದಿನಕ್ಕೆ 37 ಸಾವಿರ. ಗಂಡ ಸತ್ತ ಹೆಂಗಸು ಸರ್ಕಾರವೇ ಖಾತ್ರಿ ಕೊಟ್ಟಿದ್ದ ಆ ನೂರು ದಿನದ ಮಣ್ಣು ಕೆಲಸ ಪೂರ್ತಿ ಮಾಡಿದರೆ, ಸರ್ಕಾರದ 800 ರೂಪಾಯಿಗೆ ಅನರ್ಹಳು! ಎರಡೂ ಸರ್ಕಾರದ ದುಡ್ಡು, ಎರಡೂ ಅವಳ ಹೆಸರಿಗೇ ಬರುವಂಥದ್ದು. ಇದನ್ನು ಅಧಿಕಾರಿಗಳು ಅಷ್ಟು ಬಿಗಿಯಾಗಿ ನೋಡುವುದಿಲ್ಲ ಅಂತ ನೀವು ಹೇಳಬಹುದು. ನಿಜ, ಬಹಳ ಕಡೆ ನೋಡುವುದಿಲ್ಲ. ಆದರೆ ನಾಳೆ ಯಾರೋ ಒಬ್ಬರು ಕಂಪ್ಯೂಟರಿನಲ್ಲಿ ಎರಡು ಪಟ್ಟಿ ಪಕ್ಕಪಕ್ಕ ಇಟ್ಟು ತಾಳೆ ನೋಡಿದರೆ? ಮೊದಲು ಪಟ್ಟಿಗಳು ಮಾತಾಡುತ್ತಿರಲಿಲ್ಲ. ಈಗ ಆಧಾರ್, ಪಾನ್, ಕಾರ್ಡ್ ಎಲ್ಲ ಮಾತಾಡುತ್ತವೆ. ಹಳೆಯ ಕಾಲದ ಮಿತಿ, ಹೊಸ ಕಾಲದ ಯಂತ್ರ. ನನ್ನ ಆತಂಕ ಇರುವುದೇ ಇಲ್ಲಿ.

ಯುವನಿಧಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪದವಿ ಮುಗಿಸಿ ಕೆಲಸ ಸಿಗದವರಿಗೆ 3,000, ಡಿಪ್ಲೊಮಾದವರಿಗೆ 1,500, ಎರಡು ವರ್ಷ ಅಥವಾ ಕೆಲಸ ಸಿಗುವವರೆಗೆ. ಕೆಲಸ ಅಂದರೆ ಯಾವ ಕೆಲಸ ಎಂಬುದೇ ಸಮಸ್ಯೆ. ಎಂಟು ಸಾವಿರದ ಮೂರು ತಿಂಗಳ ಕೆಲಸವೂ ಕೆಲಸವೇ. ಹುಡುಗರು ಲೆಕ್ಕ ಹಾಕುತ್ತಾರೆ. ಎಂಟು ಸಾವಿರದಲ್ಲಿ ಮೂರು ಕಳೆದರೆ ಐದು, ಅದರಲ್ಲಿ ಬಾಡಿಗೆ, ಊಟ ಕಳೆದರೆ ಏನೂ ಇಲ್ಲ. ಮನೆಯಲ್ಲೇ ಇದ್ದರೆ ಮೂರು ಸಾವಿರ ಗ್ಯಾರಂಟಿ. ಮೊದಲ ಕೆಲಸಕ್ಕೆ ಹೋದವರಿಗೆ ಅದೇ ಮೂರು ಸಾವಿರವನ್ನು ಇನ್ನಾರು ತಿಂಗಳು ಕೊಟ್ಟು ನೋಡಿ. ಆ ದುಡ್ಡೇ ಅವರ ಪಿಜಿ ಅಡ್ವಾನ್ಸಿಗೆ ಆಗುತ್ತದೆ.

ನಿಮ್ಮ ಯೋಜನೆಗಳಲ್ಲೇ ಇದಕ್ಕೆ ಉಲ್ಟಾ ಇರುವುದೂ ಒಂದಿದೆ. ಶಕ್ತಿ. ಬಸ್ಸಿನಲ್ಲಿ ಕಂಡಕ್ಟರ್ ಯಾವ ಹೆಂಗಸಿಗೂ ಸಂಬಳ ಎಷ್ಟು ಅಂತ ಕೇಳುವುದಿಲ್ಲ. ಜಾಸ್ತಿ ದೂರ ಕೆಲಸಕ್ಕೆ ಹೋದಷ್ಟೂ ಜಾಸ್ತಿ ಲಾಭ. ಸುತ್ತಲ ಹಳ್ಳಿಗಳಿಂದ ಬೆಳಗ್ಗೆ ಬಸ್ ಹತ್ತಿ ಫ್ಯಾಕ್ಟರಿಗೆ ಬರುವ ಹೆಣ್ಣುಮಕ್ಕಳನ್ನು ನೋಡಿದರೆ ಆ ಯೋಜನೆ ಏನು ಮಾಡಿದೆ ಅಂತ ಗೊತ್ತಾಗುತ್ತದೆ. ಆದರೆ ಒಂದು ಯೋಜನೆ ಅವಳನ್ನು ಕೆಲಸಕ್ಕೆ ಕರೆದುಕೊಂಡು ಹೋಗುತ್ತದೆ, ಆ ಕೆಲಸ ಅವಳ ಇನ್ನೊಂದು ಯೋಜನೆಯನ್ನು ಕಿತ್ತುಕೊಳ್ಳುತ್ತದೆ.

ನಿಮ್ಮ ಕಡೆಯ ಮಾತೂ ನನಗೆ ಅರ್ಥವಾಗುತ್ತದೆ. ಐದು ಗ್ಯಾರಂಟಿಗೆ ವರ್ಷಕ್ಕೆ 50 ಸಾವಿರ ಕೋಟಿಗೂ ಹೆಚ್ಚು ಹೋಗುತ್ತಿದೆ. ಗೃಹಲಕ್ಷ್ಮಿಯೊಂದೇ ಒಂದು ಕೋಟಿಗೂ ಹೆಚ್ಚು ಹೆಂಗಸರಿಗೆ. ವೈಟ್ ಬೋರ್ಡ್ ಕಾರು ನಿಲ್ಲಿಸಿ ಸೊಸೈಟಿಯಲ್ಲಿ ಥಂಬ್ ಕೊಡುವವರು ನಮ್ಮೂರಲ್ಲೂ ಇದ್ದಾರೆ. ಸರ್ಕಾರಿ ಸಂಬಳ ತಗೊಂಡು ಬಿಪಿಎಲ್ ಇಟ್ಟುಕೊಂಡವರ ಕಾರ್ಡ್ ಕಿತ್ತು ಹಾಕಿ, ದಂಡವನ್ನೂ ಹಾಕಿ, ನಾನು ಚಪ್ಪಾಳೆ ಹೊಡೆಯುತ್ತೇನೆ. ಆದರೆ ಕಳ್ಳರನ್ನು ಹಿಡಿಯುವ ಬಲೆಗೆ ಮೊದಲು ಸಿಕ್ಕಿಬೀಳುವವರು ಯಾರು ಅಂತ ನೋಡಿ. ನಿಜವಾದ ಸಿರಿವಂತನ ವ್ಯವಹಾರ ಕ್ಯಾಶಿನಲ್ಲಿ, ಬೇರೆಯವರ ಹೆಸರಿನಲ್ಲಿ. ಅವನು ಪಟ್ಟಿಯಲ್ಲೇ ಇಲ್ಲ. ಪಟ್ಟಿಯಲ್ಲಿ ಇರುವವನು 4,800 ರೂಪಾಯಿ ರೀಫಂಡಿಗೆ ನಿಯತ್ತಾಗಿ ಫಾರಂ ತುಂಬಿದ ಡ್ರೈವರ್.

ಹಾಗಾಗಿ ಕೇಳುವುದು ಇಷ್ಟು. ರಿಟರ್ನ್ ಹಾಕಿದ್ದಾರಾ ಅಂತ ನೋಡಬೇಡಿ, ರೀಫಂಡ್ ಕಳೆದ ಮೇಲೆ ನಿಜವಾಗಿ ಎಷ್ಟು ತೆರಿಗೆ ಕಟ್ಟಿದ್ದಾರೆ ಅಂತ ನೋಡಿ. ಸೊನ್ನೆ ಇದ್ದರೆ ಸೊನ್ನೆ ಅಂತಲೇ ಎಣಿಸಿ. ಜಿಎಸ್‌ಟಿಗೂ ನಂಬರ್ ನೋಡದೆ ವಹಿವಾಟು ನೋಡಿ, ಒಂದು ಮಿತಿ ಇಡಿ. ಈ ಎರಡಕ್ಕೆ ಖಜಾನೆಯಿಂದ ದೊಡ್ಡ ದುಡ್ಡು ಬೇಕಾಗಿಲ್ಲ, ಒಂದು ಆದೇಶ ಸಾಕು. ಇದು ಮೊದಲು ಆಗಲಿ.

1.2 ಲಕ್ಷದ ಮಿತಿಯನ್ನು ಕನಿಷ್ಠ ವೇತನಕ್ಕೆ ಕಟ್ಟಿ, ಅದು ಏರಿದಾಗ ಇದೂ ಏರಲಿ, ಮನೆಯಲ್ಲಿ ಎಷ್ಟು ಬಾಯಿ ಇವೆ ಎಂಬುದೂ ಲೆಕ್ಕಕ್ಕೆ ಬರಲಿ. ಇದಕ್ಕೆ ಸಮಯ ಬೇಕು, ಕೇಂದ್ರದ ಜತೆ ಮಾತೂ ಬೇಕಾಗಬಹುದು, ಗೊತ್ತು. ಆಹಾರ ಭದ್ರತಾ ಕಾಯ್ದೆಯಲ್ಲಿ ರಾಜ್ಯಕ್ಕೆ ಎಷ್ಟು ಜನ ಅಂತ ಕೇಂದ್ರ ಕೊಟ್ಟ ಲೆಕ್ಕ ಇದೆ. ಅದನ್ನು ಮೀರಿದರೆ ಹೊರೆ ನಿಮ್ಮ ಮೇಲೆ ಬೀಳುತ್ತದೆ. ಆದರೆ ಮಿತಿ ದಾಟಿದವರಿಗೆ ಎರಡು ವರ್ಷ ಆರೋಗ್ಯ ಕಾರ್ಡನ್ನಾದರೂ ಹಾಗೇ ಉಳಿಸುವುದಕ್ಕೆ, ಗೃಹಲಕ್ಷ್ಮಿಯನ್ನು ಎರಡು ಸಾವಿರದಿಂದ ಸೊನ್ನೆಗೆ ಇಳಿಸುವ ಬದಲು ಸಾವಿರ, ಐನೂರು ಅಂತ ಹಂತಹಂತವಾಗಿ ಇಳಿಸುವುದಕ್ಕೆ ಯಾರ ಅನುಮತಿಯೂ ಬೇಡ. ಪಿಂಚಣಿಯ 32 ಸಾವಿರದ ಲೆಕ್ಕದಿಂದ ಉದ್ಯೋಗ ಖಾತ್ರಿ ಕೂಲಿಯನ್ನು ಹೊರಗಿಡುವುದಕ್ಕೂ ಬೇಡ.

ಇನ್ನೊಂದು. ನಿಲ್ಲಿಸುವ ಮೊದಲು ಹೇಳಿ. ಈಗ ಜನಕ್ಕೆ ಗೊತ್ತಾಗುವುದು ಖಾತೆಗೆ ದುಡ್ಡು ಬರದಿದ್ದಾಗ, ಅಥವಾ ಸೊಸೈಟಿಯಲ್ಲಿ "ನಿಮ್ಮ ಕಾರ್ಡ್ ಇಲ್ಲ" ಅಂದಾಗ. ದುಡ್ಡು ಬಂದಾಗ ಮೆಸೇಜ್ ಕಳಿಸುತ್ತೀರಿ. ನಿಲ್ಲುವ ಒಂದು ತಿಂಗಳು ಮುಂಚೆಯೂ ಒಂದು ಮೆಸೇಜ್ ಕನ್ನಡದಲ್ಲಿ ಬರಲಿ. ಯಾವ ಪಾನ್ ನಂಬರ್, ಯಾವ ವರ್ಷ, ಎಷ್ಟು ತೆರಿಗೆ, ತಕರಾರಿದ್ದರೆ ಎಲ್ಲಿಗೆ ಬರಬೇಕು. ತಕರಾರು ಇತ್ಯರ್ಥ ಆಗುವವರೆಗೆ ದುಡ್ಡು ನಿಲ್ಲದಿರಲಿ.

ರಿಟರ್ನ್ ಹಾಕುವುದಕ್ಕೆ ಪ್ರತಿ ವರ್ಷ ಒಂದು ಕೊನೆ ದಿನ ಇರುತ್ತದೆ. ಅದಕ್ಕೆ ಮೊದಲು ನಿಮ್ಮ ಆದೇಶ ಬಂದರೆ, ಅದನ್ನು ಪ್ರಿಂಟ್ ಹಾಕಿ ಅಂಗಡಿ ಬಾಗಿಲಿಗೆ ಅಂಟಿಸುತ್ತೇನೆ. ಬರದಿದ್ದರೆ ಸಾಲ ಬೇಕಾದವರಿಗೆ ಫೈಲ್ ಮಾಡಿಸಿ ಅನ್ನಬೇಕೋ, ಗೃಹಲಕ್ಷ್ಮಿ ಬೇಕಾದವರಿಗೆ ಬೇಡ ಅನ್ನಬೇಕೋ, ಎರಡೂ ಬೇಕಾದವರಿಗೆ ಏನು ಹೇಳಬೇಕೋ, ಅದನ್ನಾದರೂ ನಿಮ್ಮ ಕಚೇರಿಯಿಂದ ತಿಳಿಸಿ.

ಇಂತಿ,
ದೊಡ್ಡಬಳ್ಳಾಪುರದ ಒಬ್ಬ ರಿಟರ್ನ್ ಬರೆಯುವವ